ಗಾಜಿನ ಮುಂದೊಂದು ಜಗಲಿ: ಮಲೆನಾಡಿನಲ್ಲಿ ಕಾರ್ ಶೋರೂಮ್ ಕಟ್ಟುವ ಮೊದಲು

ಪ್ರಶ್ನೆ: ನಮಗೆ ಒಂದು ಕಾರು ಕಂಪನಿಯ ಡೀಲರ್‌ಶಿಪ್ ಸಿಕ್ಕಿದೆ. ಶಿವಮೊಗ್ಗದ ಸಾಗರ ರಸ್ತೆಯಲ್ಲಿ 100 ಅಡಿ ಮುಖ, 200 ಅಡಿ ಉದ್ದದ ಜಾಗವಿದೆ. ರಸ್ತೆಯ ಕಡೆಗಿನ ಮುಖ ನೈಋತ್ಯಕ್ಕೆ. ಕಂಪನಿ ಕಳಿಸಿರುವ ವಿನ್ಯಾಸ ಕೈಪಿಡಿಯ ಪ್ರಕಾರ ಮುಂಭಾಗ ಪೂರ್ತಿ ಗಾಜು, ಮೇಲೆ ಎಸಿಪಿ (ಒಳತಿರುಳಿನ ಎರಡೂ ಕಡೆ ಅಲ್ಯುಮಿನಿಯಂ ಹಾಳೆ ಅಂಟಿಸಿದ ಫಲಕ) ಪಟ್ಟಿ, ಒಳಗೆ ಹೊಳೆಯುವ ಬಿಳಿ ಟೈಲ್ಸ್. ನಮ್ಮ ತಂದೆಯವರು ‘ಮಳೆಗೂ ಸಂಜೆ ಬಿಸಿಲಿಗೂ ಎದುರಾಗಿ ಗಾಜು ನಿಲ್ಲಿಸುವುದು ಯಾವ ಬುದ್ಧಿ’ ಎಂದು ಒಪ್ಪುತ್ತಿಲ್ಲ. ಮುಂದೆ ತೀರ್ಥಹಳ್ಳಿಯಲ್ಲಿ ಸಣ್ಣ ಶಾಖೆ ಮಾಡುವ ಯೋಚನೆಯೂ ಇದೆ. ಕಂಪನಿಯ ನಿಯಮ ಮುರಿಯದೆ ನಮ್ಮ ಊರಿಗೆ ಒಗ್ಗುವ ಕಟ್ಟಡ ಸಾಧ್ಯವೇ?

ಉತ್ತರ: ಸಾಧ್ಯ. ನಿಮ್ಮ ತಂದೆಯವರ ಮಾತು ಸರಿ, ಕಂಪನಿಯ ಕೈಪಿಡಿಯೂ ತಪ್ಪಲ್ಲ. ಕೈಪಿಡಿ ಬರೆದವರು ನಿಮ್ಮ ಜಾಗ ನೋಡಿಲ್ಲ, ಅಷ್ಟೇ. ಜೋಧಪುರಕ್ಕೂ ಸಾಗರ ರಸ್ತೆಗೂ ಅವರು ಕಳಿಸುವುದು ಒಂದೇ ನಕ್ಷೆ. ಅದನ್ನು ಊರಿಗೆ ಹೊಂದಿಸುವುದು ನಿಮ್ಮ ಮತ್ತು ನಿಮ್ಮ ಆರ್ಕಿಟೆಕ್ಟರ ಕೆಲಸ.

ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಗಾಜು ಇರಲಿ. ಆದರೆ ಅದನ್ನು ಹದಿನೈದು ಅಡಿ ಹಿಂದಕ್ಕೆ ತೆಗೆದುಕೊಂಡು ಮುಂದೆ ಜಗಲಿ ಬಿಡಿ. ಜಗಲಿಯ ಮಾಡು ರಸ್ತೆಯ ಕಡೆಗೆ ಇಳಿಯುತ್ತಾ ಬಂದು ಅಂಚಿನಲ್ಲಿ ನೆಲದಿಂದ ಹತ್ತು ಅಡಿಗೆ ನಿಲ್ಲಲಿ. ಕಂಪನಿಯ ಹೆಸರಿನ ಪಟ್ಟಿ ಆ ಸೂರಂಚಿಗೇ ಬರಲಿ. ಸಂಜೆಯ ಬಿಸಿಲು, ಮಳೆಯ ಎರಚಲು, ಗಾಜಿನಲ್ಲಿ ಕಾಣುವ ಆಕಾಶದ ಪ್ರತಿಬಿಂಬ, ಒಳಗೆ ಕಾಲಿಡಲು ಅಂಜುವ ಗಿರಾಕಿ, ಈ ನಾಲ್ಕಕ್ಕೂ ಇದೊಂದೇ ಮದ್ದು.

ಗಾಜು ಯಾಕೆ ಬಂತು ಎನ್ನುವುದನ್ನು ತಿಳಿದುಕೊಂಡರೆ ಕಂಪನಿಯವರ ಜೊತೆ ಮಾತಾಡುವುದು ಸುಲಭವಾಗುತ್ತದೆ. ಕಾರನ್ನು ಅಂಗಡಿಯ ಸರಕಿನಂತೆ ಇಡುವುದಲ್ಲ, ನಾಟಕದ ರಂಗದ ಮೇಲಿನ ಪಾತ್ರದಂತೆ ಇಡಬೇಕು ಎನ್ನುವುದು ನೂರು ವರ್ಷದ ಹಿಂದಿನ ಯೋಚನೆ. 1929ರಲ್ಲಿ ಪ್ಯಾರಿಸ್‌ನ ಮಾರ್ಬಫ್ ಬೀದಿಯಲ್ಲಿ ಸಿಟ್ರೊಯೆನ್ ಕಂಪನಿಗೆ ಲಾಪ್ರಾಡ್ ಮತ್ತು ಬಜಾನ್ ಎಂಬ ವಾಸ್ತುಶಿಲ್ಪಿಗಳು ಕಟ್ಟಿದ ಮಳಿಗೆಯಲ್ಲಿ ಹಲವು ಅಂತಸ್ತಿನ ಎತ್ತರಕ್ಕೆ ಒಂದೇ ಗಾಜಿನ ಗೋಡೆ. ಅದರ ಹಿಂದೆ ಥಿಯೇಟರಿನ ಬಾಲ್ಕನಿಯಂತೆ ಮೇಲಿಂದ ಕೆಳಗಿನವರೆಗೆ ಅಟ್ಟಣೆ, ಅಟ್ಟಣೆಯ ತುಂಬ ಕಾರುಗಳು. 1955ರಲ್ಲಿ ನ್ಯೂಯಾರ್ಕಿನ ಪಾರ್ಕ್ ಅವೆನ್ಯೂದಲ್ಲಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸ ಮಾಡಿದ ಶೋರೂಮಿನಲ್ಲಿ ಕಾರುಗಳು ನಿಂತಿದ್ದು ಸುತ್ತಿ ಏರುವ ಒಂದು ರ‍್ಯಾಂಪಿನ ಮೇಲೆ. ಆ ಒಳಾಂಗಣವನ್ನು 2013ರಲ್ಲಿ ಒಡೆದು ಹಾಕಿದರು. ಜರ್ಮನಿಯ ವೋಲ್ಫ್ಸ್‌ಬುರ್ಗ್‌ನಲ್ಲಿ 2000ದಲ್ಲಿ ತೆರೆದ ಆಟೊಸ್ಟಾಡ್ಟ್‌ನಲ್ಲಂತೂ 48 ಮೀಟರ್ ಎತ್ತರದ ಎರಡು ಗಾಜಿನ ಗೋಪುರಗಳಿವೆ. ಒಂದೊಂದರಲ್ಲೂ 400 ಕಾರು ನಿಲ್ಲುತ್ತವೆ, ಗಿರಾಕಿಯ ಕಾರು ಯಂತ್ರದ ಮೇಲೆ ಕೆಳಗಿಳಿದು ಬರುತ್ತದೆ. ಇವೆಲ್ಲದರ ಹಿಂದೆ ಗಾಜು ತಯಾರಿಕೆಯ ಕಥೆಯೂ ಇದೆ. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ಫ್ಲೋಟ್ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಹೊರಗೆಡಹಿದ ಮೇಲೆ ನುಣುಪಾದ ದೊಡ್ಡ ಗಾಜು ಅಗ್ಗವಾಯಿತು. ಅಲ್ಲಿಯವರೆಗೆ ಅಂಥ ಗಾಜನ್ನು ಎರಡೂ ಕಡೆ ಉಜ್ಜಿ ಹೊಳಪು ಕೊಡಬೇಕಿತ್ತು.

ಎಲ್ಲ ಊರಲ್ಲೂ ಒಂದೇ ಮುಖ ಕಾಣಬೇಕು ಎನ್ನುವ ಹಟ ನಮ್ಮ ದೇಶದಲ್ಲಿ ಕಳೆದ ಹತ್ತು-ಹದಿನೈದು ವರ್ಷಗಳಲ್ಲಿ ಬಲವಾಯಿತು. ಮಾರುತಿ ಸುಜುಕಿ 2015ರಲ್ಲಿ ನೆಕ್ಸಾ ಮಳಿಗೆಗಳನ್ನೂ 2017ರಲ್ಲಿ ಅರೀನಾ ಮಳಿಗೆಗಳನ್ನೂ ತಂದಿತು. ಒಂದಕ್ಕೊಂದು ಬೇರೆಯೇ ಬಣ್ಣ, ಬೇರೆಯೇ ಒಳಾಂಗಣ. ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವವನು ಎರಡು-ಮೂರು ಸೆಕೆಂಡಿನಲ್ಲಿ ‘ಇದು ಆ ಕಂಪನಿ’ ಎಂದು ಗುರುತಿಸಬೇಕು, ಅದು ಉದ್ದೇಶ. ನಾನು ಕೆಲಸ ಮಾಡಿದ ಕೈಪಿಡಿಗಳಲ್ಲಿ ಬಿಗಿಯಾಗಿ ಹಿಡಿದಿದ್ದು ಹೆಸರಿನ ಪಟ್ಟಿಯ ಅಳತೆ-ಬಣ್ಣ, ಲಾಂಛನದ ಜಾಗ, ಪ್ರವೇಶದ ಚೌಕಟ್ಟು, ಟೈಲ್ಸ್, ಪೀಠೋಪಕರಣ, ದೀಪದ ಪ್ರಮಾಣ ಇಷ್ಟನ್ನು. ಗಾಜು ರಸ್ತೆಯಿಂದ ಎಷ್ಟು ಒಳಗಿರಬೇಕು, ಹಿಂದಿನ ಮಾಡಿನ ಇಳಿಜಾರು ಎಷ್ಟು, ನೀರು ಎಲ್ಲಿ ಇಳಿಯಬೇಕು ಎನ್ನುವುದನ್ನು ಡೀಲರಿಗೇ ಬಿಟ್ಟಿರುತ್ತಾರೆ. ನಿಮ್ಮ ಕೈಪಿಡಿಯನ್ನು ಈ ಕಣ್ಣಿನಿಂದ ಇನ್ನೊಮ್ಮೆ ಓದಿ. ‘ಕಡ್ಡಾಯ’ ಎಂದಿರುವುದಕ್ಕೆ ಒಂದು ಬಣ್ಣ, ‘ಸೂಚಿತ’ ಎಂದಿರುವುದಕ್ಕೆ ಇನ್ನೊಂದು ಬಣ್ಣದ ಗೆರೆ ಎಳೆಯಿರಿ. ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಸ್ವಾತಂತ್ರ್ಯ ಅಲ್ಲಿದೆ.

ಈಗ ಬಿಸಿಲು. ಶಿವಮೊಗ್ಗ ಸರಿಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಗೂ ಆಗಸ್ಟ್ ಮಧ್ಯಕ್ಕೂ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆ ದಿನಗಳಲ್ಲಿ ಗಾಜಿಗಿಂತ ಮಾಡಿಗೆ ಕಷ್ಟ. ನೈಋತ್ಯಕ್ಕೆ ಮುಖ ಮಾಡಿದ ಗಾಜಿಗೆ ನಿಜವಾದ ಪರೀಕ್ಷೆ ನವೆಂಬರಿನಿಂದ ಫೆಬ್ರವರಿವರೆಗಿನ ಸಂಜೆ. ಸೂರ್ಯ ಕೆಳಗಿಳಿದು ನೇರ ಎದುರಿಗೆ ಬಂದು ನಿಲ್ಲುತ್ತಾನೆ. ನಮ್ಮ ಕಡೆ ಅಡಿಕೆ ಕೊನೆಕೊಯ್ಲಿನ ಕಾಲವೂ ಅದೇ. ಕೈಗೆ ದುಡ್ಡು ಬಂದು ಜನ ಕಾರು ನೋಡಲು ಬರುವ ಕಾಲದಲ್ಲೇ ನಿಮ್ಮ ಶೋರೂಮ್ ಕಣ್ಣು ಕುಕ್ಕುವ ಒಲೆಯಾಗಬಾರದು.

ಲೆಕ್ಕ ನೋಡಿ. 60 ಅಡಿ ಅಗಲ, 14 ಅಡಿ ಎತ್ತರದ ಗಾಜು ಎಂದರೆ ಸುಮಾರು 78 ಚದರ ಮೀಟರ್. ಎದುರು ಬಿಸಿಲು ಚದರ ಮೀಟರಿಗೆ 600 ವ್ಯಾಟ್ ಎಂದು ಹಿಡಿಯಿರಿ. ಸಾದಾ ಬಿಳಿ ಗಾಜು ಅದರಲ್ಲಿ ನೂರಕ್ಕೆ ಎಂಬತ್ತರಷ್ಟು ಶಾಖವನ್ನು ಒಳಗೆ ಬಿಡುತ್ತದೆ, ಅಂದರೆ 37 ಕಿಲೋವ್ಯಾಟ್. ಒಂದು ಟನ್ ಎಸಿ ಹೊರಹಾಕುವುದು ಮೂರೂವರೆ ಕಿಲೋವ್ಯಾಟ್. ಆ ಗಾಜೊಂದಕ್ಕೇ ಹತ್ತೂವರೆ ಟನ್ ಎಸಿ ಬೇಕಾಯಿತು. ಜನ, ದೀಪ, ಮಾಡು ಇನ್ನೂ ಲೆಕ್ಕಕ್ಕೇ ಬಂದಿಲ್ಲ. 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ, ಅಂದರೆ ಇಸಿಬಿಸಿ, 100 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ವಿದ್ಯುತ್ ಜೋಡಣೆಯ ವಾಣಿಜ್ಯ ಕಟ್ಟಡಗಳಿಗೆ ಇಂಥ ಗಾಜಿನ ಶಾಖಾಂಶವನ್ನು, ಅಂದರೆ ಬಿದ್ದ ಬಿಸಿಲಿನಲ್ಲಿ ಗಾಜು ಒಳಗೆ ಬಿಡುವ ಶಾಖದ ಪಾಲನ್ನು, 0.27ಕ್ಕೆ ಮಿತಿಗೊಳಿಸಿದೆ. ಆ ಗಾಜು ಹಾಕಿದರೆ ಅದೇ ಲೆಕ್ಕ ಮೂರೂವರೆ ಟನ್ನಿಗೆ ಇಳಿಯುತ್ತದೆ. ಹಾಗಾದರೆ ದುಬಾರಿ ಗಾಜು ಹಾಕಿ ಮುಗಿಸಬಹುದಲ್ಲ ಎಂದು ಕೇಳುತ್ತೀರಿ. ತೊಂದರೆ ಇಲ್ಲೇ ಇದೆ. ಶಾಖ ತಡೆಯುವ ಗಾಜು ಬೆಳಕನ್ನೂ ತಡೆಯುತ್ತದೆ, ಹೊರಗಿನಿಂದ ಕಪ್ಪಗೋ ಕನ್ನಡಿಯಂತೆಯೋ ಕಾಣುತ್ತದೆ. ಕಾರು ಕಾಣಲಿ ಎಂದು ಗಾಜು ಹಾಕಿ, ಬಿಸಿಲು ಬಾರದಿರಲಿ ಎಂದು ಅದೇ ಗಾಜನ್ನು ಕಪ್ಪು ಮಾಡಿದ ಹಾಗಾಯಿತು.

ಜಗಲಿ ಈ ಗಂಟನ್ನು ಬಿಡಿಸುತ್ತದೆ. ಜನವರಿಯ ಮಧ್ಯಾಹ್ನ ಮೂರೂವರೆಗೆ ಸೂರ್ಯ ದಿಗಂತದಿಂದ ಸುಮಾರು 35 ಡಿಗ್ರಿ ಮೇಲಿರುತ್ತಾನೆ. ಹದಿನೈದು ಅಡಿ ಆಳ, ಅಂಚಿನಲ್ಲಿ ಹತ್ತು ಅಡಿ ಎತ್ತರದ ಮಾಡಿದ್ದರೆ ಆಗ ಗಾಜಿಗೆ ಬಿಸಿಲು ತಾಗುವುದೇ ಇಲ್ಲ. ನಾಲ್ಕೂವರೆಗೆ ಸೂರ್ಯ 23 ಡಿಗ್ರಿಗೆ ಇಳಿದಾಗ ಗಾಜಿನ ಕೆಳಗಿನ ಮೂರೂವರೆ ಅಡಿಗೆ ಮಾತ್ರ ಬಿಸಿಲು. ಕೈಪಿಡಿಯಲ್ಲಿ ತೋರಿಸುವ ಹಾಗೆ 14 ಅಡಿ ಎತ್ತರದಲ್ಲಿ ಐದು ಅಡಿ ಚಾಚಿದ ಚಪ್ಪಟೆ ಕ್ಯಾನೊಪಿ ಇದ್ದರೆ ಅದೇ ಹೊತ್ತಿಗೆ ಗಾಜಿನ ಹನ್ನೆರಡು ಅಡಿ ಬಿಸಿಲಿನಲ್ಲಿರುತ್ತದೆ. ಆಳಕ್ಕಿಂತಲೂ ಅಂಚಿನ ತಗ್ಗು ಮುಖ್ಯ ಎನ್ನುವುದನ್ನು ಗಮನಿಸಿ. ನಮ್ಮ ಹಳೆಯ ಮನೆಗಳ ಮಾಡು ತಲೆ ತಾಗುವಷ್ಟು ಕೆಳಗೆ ಇಳಿದಿರುವುದು ಇದಕ್ಕೇ. ಕುಪ್ಪಳಿಯ ಕವಿಮನೆಗೆ ಹೋದಾಗ ಮೇಲಿನ ಅಂತಸ್ತುಗಳನ್ನೇ ನೋಡಿ ಬರಬೇಡಿ, ಆ ಹೆಂಚಿನ ಮಾಡು ಎಲ್ಲಿ ಬಂದು ನಿಲ್ಲುತ್ತದೆ ಎನ್ನುವುದನ್ನೂ ನೋಡಿ.

ಉಳಿದ ಮೂರೂವರೆ ಅಡಿ ಬಿಸಿಲಿಗೆ ಜಗಲಿಯ ಮುಂದೆ ತಗ್ಗಿನ ಗಿಡಗಳ ಸಾಲು ಸಾಕು. ಹೀಗೆ ನೆರಳಾದ ಗಾಜು ತಿಳಿಯಾಗಿದ್ದರೂ ನಡೆಯುತ್ತದೆ. ಸಂಹಿತೆ ಕೂಡ ನೆರಳಿನ ಚಾಚಿಗೆ ರಿಯಾಯಿತಿ ಕೊಡುತ್ತದೆ. ಎಷ್ಟು ಎನ್ನುವುದನ್ನು ನಿಮ್ಮ ವಿದ್ಯುತ್ ಸಲಹೆಗಾರರಿಂದ ಲೆಕ್ಕ ಹಾಕಿಸಿ.

‘ಅಂಚು ಹತ್ತು ಅಡಿಗೆ ಇಳಿದರೆ ರಸ್ತೆಯಿಂದ ಕಾರು ಕಾಣುತ್ತದೆಯೇ?’ ಇದು ಕಂಪನಿಯ ಮೊದಲ ತಕರಾರು. ಕಾರಿನ ಎತ್ತರ ಐದು, ಐದೂವರೆ ಅಡಿ. ಕಾರಿನೊಳಗೆ ಕೂತು ಹೋಗುವವನ ಕಣ್ಣು ನೆಲದಿಂದ ನಾಲ್ಕು ಅಡಿ. ಅರವತ್ತು ಅಡಿ ದೂರದಿಂದ ಅವನಿಗೆ ಹತ್ತು ಅಡಿಯ ಮೇಲೆ ಕಾಣುವುದು ಶೋರೂಮಿನ ಚಾವಣಿ ಮತ್ತು ದೀಪ ಮಾತ್ರ. ಕಾರು ಇನ್ನೂ ಚೆನ್ನಾಗಿಯೇ ಕಾಣುತ್ತದೆ ಎನ್ನುವುದಕ್ಕೆ ಪ್ರತಿಬಿಂಬದ ವಿಷಯ ಹೇಳಬೇಕು. ನೀವೇ ಯಾವುದಾದರೂ ಶೋರೂಮಿನ ಎದುರು ಹಗಲು ಹನ್ನೊಂದಕ್ಕೆ ನಿಂತು ನೋಡಿ. ಗಾಜಿನಲ್ಲಿ ಎದುರಿನ ಮರ, ಲಾರಿ, ಮೋಡ, ನಿಮ್ಮದೇ ಮುಖ ಕಾಣುತ್ತದೆ, ಕಾರು ಕಾಣುವುದಿಲ್ಲ. ಬಿಳಿ ಗಾಜೂ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಟರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಮೋಡ ಕವಿದ ಹಗಲಲ್ಲೂ ಹೊರಗೆ ಹತ್ತು ಸಾವಿರ ಲಕ್ಸ್ ಬೆಳಕಿರುತ್ತದೆ, ಒಳಗೆ ಐನೂರು, ಹೆಚ್ಚೆಂದರೆ ಸಾವಿರ. ಆ ಎಂಟು ಪಾಲೇ ಒಳಗಿನ ಬೆಳಕನ್ನು ಮುಚ್ಚಿಬಿಡುತ್ತದೆ. ಗಾಜಿನ ಎದುರು ತಗ್ಗಿದ ಮಾಡಿನ ಕತ್ತಲು ಒಳಮೈ ಇದ್ದರೆ ಗಾಜಿಗೆ ಪ್ರತಿಬಿಂಬಿಸಲು ಆಕಾಶವೇ ಸಿಗುವುದಿಲ್ಲ. ಅದಕ್ಕೇ ಜಗಲಿಯ ಚಾವಣಿಗೆ ಬಿಳಿ ಬಣ್ಣ ಬೇಡ. ಗಾಢ ಕಂದು ಅಥವಾ ಕಪ್ಪು ಹಾಕಿಸಿ. ಇನ್ನೂ ಬೇಕೆಂದರೆ ಗಾಜಿನ ಮೇಲಂಚು ಹೊರಗೆ ಬರುವಂತೆ ಕೊಂಚ ಓರೆ ನಿಲ್ಲಿಸಬಹುದು. ಆಗ ಅದು ಆಕಾಶದ ಬದಲು ನೆಲವನ್ನು ಪ್ರತಿಬಿಂಬಿಸುತ್ತದೆ. ಆದರೆ ಖರ್ಚು ಏರುತ್ತದೆ, ಜಗಲಿ ಇದ್ದರೆ ಅಗತ್ಯವೂ ಇಲ್ಲ.

ಒಳಗಿನ ದೀಪದ ಬಗ್ಗೆ ಒಂದೇ ಮಾತು. ಕಾರಿನ ಮೈ ಬಣ್ಣ ಬಳಿದ ಕನ್ನಡಿ. ಅದರ ಮೇಲೆ ಬಿದ್ದ ಬೆಳಕಿಗಿಂತ ಅದರಲ್ಲಿ ಕಾಣುವ ದೀಪದ ಆಕಾರವೇ ಕಾರಿನ ಬಾಗು-ಬಳುಕನ್ನು ತೋರಿಸುವುದು. ಚುಕ್ಕಿ ಚುಕ್ಕಿ ದೀಪ ಚೆಲ್ಲಿದರೆ ಬಾನೆಟ್ಟಿನ ಮೇಲೆ ಸಿಡುಬಿನ ಕಲೆಯಂತೆ ಕಾಣುತ್ತದೆ. ಕಾರಿನ ಉದ್ದಕ್ಕೂ ಹೋಗುವ ಪಟ್ಟಿ ದೀಪವಿದ್ದರೆ ಅಂಚು ಅಂಚೂ ಗೆರೆ ಎಳೆದಂತೆ ಕಾಣುತ್ತದೆ.

ಮಳೆಯ ವಿಷಯಕ್ಕೆ ಬರುತ್ತೇನೆ. ನನ್ನ ಪಾಲಿಗೆ ಇದೇ ಅಸಲು. ಮುಂಗಾರಿನ ಗಾಳಿ ಬೀಸುವುದು ನೈಋತ್ಯದಿಂದ. ನಿಮ್ಮ ಗಾಜು ನೋಡುತ್ತಿರುವುದೂ ಅದೇ ದಿಕ್ಕನ್ನು. ಮಳೆಗಾಲ ಹಿಡಿಯುವ ಮೊದಲು ನಮ್ಮ ಹಿರಿಯರು ಪಡುವಣ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಎರಚಲು ಗೋಡೆಗೆ ಹೊಡೆದು ಮಣ್ಣು ಕರಗಬಾರದು ಎಂದು. ಗಾಜು ಕರಗುವುದಿಲ್ಲ, ನಿಜ. ಆದರೆ ಗಾಜಿನ ಚೌಕಟ್ಟಿನ ಸಂದಿಗೆ ತುಂಬಿದ ಸಿಲಿಕೋನ್ ಕೆಲವು ಮಳೆಗಾಲ ನೇರ ಹೊಡೆತ ತಿಂದ ಮೇಲೆ ಅಲ್ಲಲ್ಲಿ ಬಿಡುತ್ತದೆ. ಬಾಗಿಲಿನ ಕೆಳಗಿನ ಸಂದಿಯಿಂದ ನೀರು ನುಗ್ಗುತ್ತದೆ. ಎಸಿಪಿ ಪಟ್ಟಿಯ ಸಂದುಗಳಿಂದ ಕಪ್ಪು ಗೆರೆ ಇಳಿಯುತ್ತದೆ, ಅದರ ಮೇಲೆ ಹಸಿರು ಪಾಚಿ. ಎರಡನೇ ವರ್ಷಕ್ಕೇ ಕಟ್ಟಡ ಮುದಿಯಾಗಿ ಕಾಣುತ್ತದೆ. ಎಸಿಪಿ ಹಾಕಲೇಬೇಕಾದರೆ ಪ್ರತಿ ಪಟ್ಟಿಯ ಕೆಳಗೂ ನೀರು ತೊಟ್ಟಿಕ್ಕಿ ದೂರ ಬೀಳುವಂಥ ಮೂಗು ಕೊಡಿಸಿ. ಒಳತಿರುಳು ಖನಿಜದ್ದೇ, ಬೆಂಕಿ ಹಬ್ಬದ ದರ್ಜೆಯದೇ ಆಗಿರಲಿ. 2017ರ ಜೂನಿನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 72 ಜನ ಸತ್ತರು. ಬೆಂಕಿಯನ್ನು ಮಹಡಿಯಿಂದ ಮಹಡಿಗೆ ಒಯ್ದದ್ದು ಪ್ಲಾಸ್ಟಿಕ್ ತಿರುಳಿನ ಇಂಥದೇ ಹೊದಿಕೆ. ಇದರಲ್ಲಿ ದುಡ್ಡು ಉಳಿಸಬೇಡಿ.

ಇನ್ನು ಮಾಡು. ಕಂಪನಿಯ ಚಿತ್ರದಲ್ಲಿ ಕಟ್ಟಡ ಚೌಕದ ಪೆಟ್ಟಿಗೆಯಂತೆ ಕಾಣುತ್ತದೆ. ಹಾಗೆ ಕಾಣಿಸಲು ಇಳಿಜಾರು ತಗಡಿನ ಸುತ್ತ ಎತ್ತರದ ಗೋಡೆ ಎಬ್ಬಿಸಿ, ಒಳಗಡೆ ಗಟರ್ ಕೂರಿಸುತ್ತಾರೆ. ಘಟ್ಟದ ಸೆರಗಿನ ಒಂದು ಊರಿನಲ್ಲಿ ಹಲವು ವರ್ಷದ ಹಿಂದೆ ನಾನೂ ಹಾಗೇ ಮಾಡಿದೆ. ಮೊದಲ ಜುಲೈ. ಪಕ್ಕದ ಮರದ ಎಲೆ ಬಂದು ಗಟರಿನ ಎರಡು ತೂತುಗಳನ್ನು ಮುಚ್ಚಿತ್ತು. ರಾತ್ರಿ ಸುರಿದ ಮಳೆ ಗಟರ್ ತುಂಬಿ ಒಳಮುಖವಾಗಿ ಉಕ್ಕಿತು. ಬೆಳಿಗ್ಗೆ ಬಾಗಿಲು ತೆಗೆದವರು ಫೋನ್ ಮಾಡಿದಾಗ ನಾನು ಹೋಗಿ ನೋಡಿದ್ದು ಇಷ್ಟು: ನೆನೆದು ಭಾರವಾದ ಚಾವಣಿಯ ಜಿಪ್ಸಮ್ ಹಾಳೆ ಕಳಚಿ ಪ್ರದರ್ಶನದ ಬಿಳಿ ಕಾರಿನ ಬಾನೆಟ್ಟಿನ ಮೇಲೆ ಹಿಟ್ಟಿನ ಮುದ್ದೆಯಂತೆ ಬಿದ್ದಿತ್ತು, ಮೇಲಿನಿಂದ ಇನ್ನೂ ಹನಿ ಬೀಳುತ್ತಿತ್ತು, ಪ್ರತಿ ಹನಿಗೂ ಬಾನೆಟ್ಟು ‘ಟಣ್’ ಎನ್ನುತ್ತಿತ್ತು. ಮಾಲೀಕರು ಒಂದು ಮಾತೂ ಆಡಲಿಲ್ಲ. ಆ ಮೌನ ನನಗೆ ಇನ್ನೂ ಮರೆತಿಲ್ಲ. ಆವತ್ತಿನಿಂದ ಕಟ್ಟಡದ ಒಳಗೆ ಗಟರ್ ಹಾಕುವುದನ್ನು ಬಿಟ್ಟೆ. ನೀರು ಮಾಡಿನ ಹೊರಗೇ ಬೀಳಬೇಕು. ಗಟರ್ ಉಕ್ಕಿದರೂ ಅಂಗಳಕ್ಕೆ ಉಕ್ಕಬೇಕು, ಕಾರಿನ ಮೇಲಲ್ಲ. ಸೀಳಿದ ಅಡಿಕೆ ಮರದ ದಂಬೆಯನ್ನು ಸೂರಿನ ಹೊರಗೆ ಕಟ್ಟುತ್ತಿದ್ದವರಿಗೆ ಇದು ಗೊತ್ತಿತ್ತು.

ಗಾತ್ರದ ಅಂದಾಜು ಬೇಕಾದರೆ, ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಮಾಡಿನ ಒಂದು ಕಡೆ 450 ಚದರ ಮೀಟರ್ ಇದ್ದು, ಗಂಟೆಗೆ 100 ಮಿ.ಮೀ. ವೇಗದ ಮಳೆ ಬರೀ ಹತ್ತು ನಿಮಿಷ ಹೊಡೆದರೂ ಏಳೂವರೆ ಸಾವಿರ ಲೀಟರ್ ನೀರು ಆ ಒಂದು ಗಟರಿಗೆ ಬರುತ್ತದೆ. ನಾಲ್ಕು ಇಂಚಿನ ಒಂದು ಪೈಪು ಅದನ್ನು ನುಂಗುವುದಿಲ್ಲ. ಪೈಪುಗಳನ್ನು ಹೆಚ್ಚಿಸಿ, ಗೋಡೆಯೊಳಗೆ ಹುದುಗಿಸದೆ ಹೊರಗೇ ಬಿಡಿ. ಜಗಲಿಯ ತಗ್ಗಿದ ಅಂಚಿಗೂ ಗಟರ್ ಬೇಕೇ ಬೇಕು, ಇಲ್ಲದಿದ್ದರೆ ಒಳಗೆ ಬರುವವರ ತಲೆಯ ಮೇಲೆ ನೀರಿನ ಪರದೆ.

ತಗಡಿನ ಮಾಡಿನ ಇನ್ನೊಂದು ಕಷ್ಟವನ್ನು ನಗರದ ಸಲಹೆಗಾರರು ಲೆಕ್ಕಕ್ಕೇ ತರುವುದಿಲ್ಲ: ಸದ್ದು. ಆಷಾಢದ ಮಳೆ ತಗಡಿಗೆ ಬಿದ್ದರೆ ಎದುರು ಕೂತವರ ಮಾತು ಕೇಳುವುದಿಲ್ಲ. ಸಾಲದ ಕಂತು, ಬಡ್ಡಿ, ಹಳೆ ಕಾರಿನ ಬೆಲೆ, ಇವು ಕಿರುಚಿ ಆಡುವ ಮಾತುಗಳಲ್ಲ. ತಗಡಿನ ಕೆಳಗೆ ಕನಿಷ್ಠ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಅದರ ಕೆಳಗೆ ಗಾಳಿಯ ಅಂತರ ಬಿಟ್ಟು ಚಾವಣಿ ಹಾಕಿ. ಮಾತುಕತೆಯ ಕೋಣೆಗಳ ಮೇಲೆ ಸಾಧ್ಯವಾದರೆ ಕಾಂಕ್ರೀಟ್ ಸ್ಲ್ಯಾಬ್ ಬರಲಿ.

ಮತ್ತೆ ತೇವ. ಜುಲೈಯಲ್ಲಿ ಹೊರಗೆ 24 ಡಿಗ್ರಿ, ಗಾಳಿಯಲ್ಲಿ ಶೇ. 95 ತೇವ ಇದ್ದರೆ 23 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ಇಬ್ಬನಿ ಕಟ್ಟುತ್ತದೆ. ಒಳಗೆ ಎಸಿಯನ್ನು 20ಕ್ಕೆ ಇಟ್ಟರೆ ಒಂಟಿ ಗಾಜಿನ ಹೊರಮೈ ಮಸುಕಾಗಿ ಕಾರು ಮಾಯ. ಮಳೆಗಾಲದಲ್ಲಿ ನಿಮಗೆ ಬೇಕಾದ್ದು ತಂಪಲ್ಲ, ಒಣಗಾಳಿ. ತೇವ ಹೀರುವ ಯಂತ್ರವನ್ನು ಎಸಿಯಿಂದ ಬೇರೆಯಾಗಿ ನಡೆಸುವಂತೆ ಇರಲಿ. ಇಲ್ಲದಿದ್ದರೆ ಪ್ರದರ್ಶನದ ಕಾರಿನ ಸೀಟಿಗೂ ಬೂಸು ಬರುತ್ತದೆ, ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ.

ಇನ್ನು ಜನ. ನಾನು ಕಟ್ಟಿದ ಇನ್ನೊಂದು ಶೋರೂಮಿನಲ್ಲಿ, ಉದ್ಘಾಟನೆಯಾಗಿ ಒಂದು ತಿಂಗಳಾಗಿತ್ತು, ಕೆಲಸದ ಬಾಕಿ ನೋಡಲು ಹೋಗಿದ್ದೆ. ಮಳೆ ಹನಿಯುತ್ತಿತ್ತು. ಪಂಚೆ ಎತ್ತಿ ಕಟ್ಟಿದ ಹಿರಿಯರೊಬ್ಬರು ಕೊಡೆ ಹಿಡಿದು ಗಾಜಿನ ಹೊರಗೆ ನಿಂತು ಒಳಗಿನ ಕಾರನ್ನು ನೋಡುತ್ತಿದ್ದರು. ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಬಾಗಿಲ ಬಳಿ ಬಂದು ಚಪ್ಪಲಿ ಬಿಟ್ಟರು. ಕೆಂಪು ಮಣ್ಣು ಮೆತ್ತಿದ ಕಾಲನ್ನು ಒಂದರ ಹಿಂದೆ ಒಂದು ಮೀನಖಂಡಕ್ಕೆ ಉಜ್ಜಿಕೊಂಡರು. ಕಾವಲಿನವನನ್ನು ‘ಒಳಗೆ ಬರಬಹುದನ’ ಎಂದು ಕೇಳಿದರು. ಅವರ ಹಿಂದೆ ಇದ್ದ ಮಗ ಆವತ್ತೇ ಕಾರು ಬುಕ್ ಮಾಡಿದ. ತೋಟವಿದ್ದವರು, ದುಡ್ಡಿದ್ದವರು. ಅವರಿಂದ ಚಪ್ಪಲಿ ಬಿಡಿಸಿದ್ದು ನಾನು ಹಾಕಿಸಿದ ಬಿಳಿ ಟೈಲ್ಸು. ದೇವಸ್ಥಾನಕ್ಕೆ ಚಪ್ಪಲಿ ಬಿಟ್ಟು ಹೋಗುವುದು ಭಕ್ತಿ. ಅಂಗಡಿಗೆ ಬಿಟ್ಟು ಹೋಗುವುದು ಅಂಜಿಕೆ, ಆ ಅಂಜಿಕೆ ನನ್ನ ವಿನ್ಯಾಸದ ತಪ್ಪು.

ಜಗಲಿ ಇದ್ದಿದ್ದರೆ ಅವರು ಮೊದಲು ಅಲ್ಲಿ ಕೂರುತ್ತಿದ್ದರು. ಮನೆಗೆ ಬಂದವರು ನೇರ ನಡುಮನೆಗೆ ನುಗ್ಗುವುದಿಲ್ಲ. ಜಗಲಿಯಲ್ಲಿ ಕೂತು, ನೀರು ಬೆಲ್ಲ ತೆಗೆದುಕೊಂಡು, ಮಾತಿಗೆ ಮಾತು ಬೆಳೆದ ಮೇಲೆ ಒಳಗೆ ಹೋಗುತ್ತಾರೆ. ನಿಮ್ಮ ಜಗಲಿಯ ಮೇಲೆ ಒಂದು ಕಾರು ನಿಲ್ಲಿಸಿ, ಬಾಗಿಲು ಹಾಕದೆ, ಯಾರು ಬೇಕಾದರೂ ಮುಟ್ಟಿ ನೋಡುವ ಹಾಗೆ. ಗೋಡೆಗುಂಟ ಹದಿನೆಂಟು ಇಂಚು ಎತ್ತರದ ಕಟ್ಟೆ, ಕಾಲು ತೊಳೆಯಲು ಒಂದು ನಲ್ಲಿ, ಕೊಡೆ ನೇತುಹಾಕಲು ಗೂಟಗಳು, ಕೊಡೆಯ ನೀರು ಇಳಿಯಲು ಕೆಳಗೆ ಚರಂಡಿ. ನೆಲಕ್ಕೆ ಜಾರದ ಒರಟು ಗ್ರಾನೈಟ್. ಒಳಗಿನ ಬಿಳಿ ಟೈಲ್ಸು ಬಾಗಿಲಿನಿಂದ ಹತ್ತು ಅಡಿ ಆದ ಮೇಲೆ ಶುರುವಾಗಲಿ. ಅಲ್ಲಿಯವರೆಗೆ ಮಣ್ಣಿನ ಹೆಜ್ಜೆ ಕಾಣದ ಬೂದು ಬಣ್ಣ ಕೇಳಿ. ಈ ಒಂದು ಬದಲಾವಣೆಗೆ ಕಂಪನಿ ಸಾಮಾನ್ಯವಾಗಿ ಒಪ್ಪುತ್ತದೆ.

ಹಾಗೆಯೇ ಗಾಡಿ ಕೊಡುವ ಜಾಗ. ಕೈಪಿಡಿಯಲ್ಲಿ ಅದು ಪರದೆ ಸರಿಸುವ ಒಂದು ಮೂಲೆ. ನಮ್ಮಲ್ಲಿ ಅದು ಒಂದು ಕಾರ್ಯ. ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಹತ್ತು ಜನ ಬರುತ್ತಾರೆ. ಹೂವಿನ ಹಾರ, ಅರಿಶಿನ ಕುಂಕುಮ, ಆರತಿ, ಕರ್ಪೂರ, ನಾಲ್ಕು ಚಕ್ರದಡಿ ನಿಂಬೆಹಣ್ಣು, ತೆಂಗಿನಕಾಯಿ. ನಯವಾದ ಟೈಲ್ಸಿನ ಮೇಲೆ ನಿಂಬೆರಸವೂ ಕಾಯಿನೀರೂ ಬಿದ್ದರೆ ಜಾರುತ್ತದೆ. ಕರ್ಪೂರದ ಹೊಗೆಗೆ ಹೊಗೆ ಪತ್ತೆಯಂತ್ರ ಕಿರುಚುತ್ತದೆ. ಆದ್ದರಿಂದ ಈ ಕಾರ್ಯಕ್ಕೆ ಪಕ್ಕದಲ್ಲಿ, ಮಾಡು ಇರುವ, ಎರಡು ಕಡೆ ತೆರೆದ ಬೇರೆ ಜಾಗವೇ ಇರಲಿ. ಅಲ್ಲಿ ಕಾಯಿ ಒಡೆಯಲು ಒಂದು ಕಲ್ಲು, ತೊಳೆದ ನೀರು ಹೋಗಲು ಇಳಿಜಾರು. ನಿಮ್ಮ ಜಾಗದ ಹಿಂಬದಿ ಈಶಾನ್ಯವಾಗುವುದರಿಂದ ಕಾರನ್ನು ಆ ಕಡೆಗೆ ಮುಖ ಮಾಡಿ ನಿಲ್ಲಿಸಿ ಪೂಜೆ ಮುಗಿಸಿ, ಕಟ್ಟಡವನ್ನು ಬಲಕ್ಕೆ ಸುತ್ತಿ ರಸ್ತೆಗೆ ಇಳಿಸಬಹುದು. ಹಿರಿಯರಿಗೂ ಸಮಾಧಾನ, ರಸ್ತೆಗೆ ಹಿಮ್ಮುಖವಾಗಿ ಇಳಿಸುವ ಅಪಾಯವೂ ಇಲ್ಲ.

ಅಳತೆಯ ಕೆಲವು ಮಾತು ಬೇಗ ಹೇಳಿಬಿಡುತ್ತೇನೆ. ನಾಲ್ಕು ಮೀಟರಿನ ಸಣ್ಣ ಕಾರಿಗೂ ಎರಡು ಕಡೆ ಬಾಗಿಲು ತೆಗೆದು, ಸುತ್ತ ಒಬ್ಬರು ನಡೆಯಬೇಕೆಂದರೆ 20 ಅಡಿಗೆ 18 ಅಡಿ ಬೇಕು. ಅದಕ್ಕಿಂತ ಒತ್ತಿದರೆ ಅದು ಶೋರೂಮಲ್ಲ, ಪಾರ್ಕಿಂಗು. ಟೈಲ್ಸ್ ಕೂರಿಸುವಾಗ ಅಡಿಯಲ್ಲಿ ಟೊಳ್ಳು ಉಳಿಯದಂತೆ ಪೂರ್ತಿ ಗಾರೆ ತುಂಬಿಸಿ, ಒಂದೊಂದನ್ನೂ ತಟ್ಟಿ ಸದ್ದು ಕೇಳಿಸಿಕೊಳ್ಳಿ. ಒಂದೂವರೆ ಟನ್ ತೂಕದ ಗಾಡಿ ನಿಲ್ಲುವುದು ಅಂಗೈ ಅಗಲದ ನಾಲ್ಕು ಜಾಗದ ಮೇಲೆ. ಬ್ಯಾಟರಿ ಕಾರುಗಳು ಇನ್ನೂ ಭಾರ. ಮೇಲಂತಸ್ತಿಗೆ ಕಾರು ಏರಿಸುವ ಆಸೆ ಇದ್ದರೆ, ಹತ್ತಕ್ಕೆ ಒಂದರ ಇಳಿಜಾರಿನಲ್ಲಿ 15 ಅಡಿ ಏರಲು 150 ಅಡಿ ಉದ್ದದ ರ‍್ಯಾಂಪು ಬೇಕು. ನಿಮ್ಮ 200 ಅಡಿ ಜಾಗದಲ್ಲಿ ಅದು ದಂಡ.

ಸರ್ವಿಸ್ ಶೆಡ್ ಹಿಂದೆ ಬರುತ್ತದೆ. ಅದರ ಬಗ್ಗೆ ನನ್ನ ಕಾಳಜಿ ಒಂದೇ, ನೀರು. ಮಳೆಗಾಲದಲ್ಲಿ ಕಾರು ತೊಳೆಯಲು ಸಾಲು ನಿಲ್ಲುತ್ತದೆ. ಕೆಸರು, ಎಣ್ಣೆ, ಗ್ರೀಸು ಎಲ್ಲ ಒಂದೇ ಚರಂಡಿಗೆ ಹೋದರೆ ಕೊನೆಗೆ ಸೇರುವುದು ತುಂಗೆಗೆ. ಮೊದಲು ಕೆಸರು ತಂಗುವ ಗುಂಡಿ, ಆಮೇಲೆ ಎಣ್ಣೆ ತೇಲಿಸಿ ಬೇರ್ಪಡಿಸುವ ತೊಟ್ಟಿ, ಇವೆರಡೂ ಮಾಡಿನ ಕೆಳಗಿರಬೇಕು. ಬಯಲಲ್ಲಿದ್ದರೆ ಮೊದಲ ದೊಡ್ಡ ಮಳೆಗೇ ತೊಟ್ಟಿ ತುಂಬಿ, ಕೂಡಿಟ್ಟ ಎಣ್ಣೆ ಪೂರ್ತಿ ಹೊರಗೆ ಹರಿಯುತ್ತದೆ. ಬಳಸಿದ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರಿಗೇ ಕೊಡಬೇಕು. ಮಾಡಿನ ನೀರನ್ನು ಬೇರೆಯಾಗಿ ಹಿಡಿದಿಡಿ. 900 ಚದರ ಮೀಟರ್ ಮಾಡಿಗೆ 50 ಮಿ.ಮೀ. ಮಳೆ ಬಿದ್ದ ದಿನ 45 ಸಾವಿರ ಲೀಟರ್ ಸಿಗುತ್ತದೆ. ಕಾರು ತೊಳೆಯಲು ಬೋರ್‌ವೆಲ್ ನೀರು ಯಾಕೆ? ತೊಟ್ಟಿಯನ್ನು ಈಶಾನ್ಯದಲ್ಲಿ ಕಟ್ಟಿಸಿದರೆ ತಂದೆಯವರು ಬೇಡ ಎನ್ನಲಾರರು.

ತೀರ್ಥಹಳ್ಳಿಗೆ ಇದೇ ನಕ್ಷೆಯನ್ನು ಒಯ್ಯಬೇಡಿ. ಶಿವಮೊಗ್ಗ ಮಲೆನಾಡಿನ ಹೊಸಿಲು, ತೀರ್ಥಹಳ್ಳಿ ಅದರ ನಡುಮನೆ. ವರ್ಷಕ್ಕೆ ಏಳು ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಆಗುಂಬೆ ಅಲ್ಲಿಂದ ದೂರವಲ್ಲ. ಅಲ್ಲಿ ಎರಡು ಕಾರು ಹಿಡಿಸುವ ಗಾಜಿನ ಕೋಣೆ ಸಾಕು. ಸುತ್ತ ನಾಲ್ಕೂ ಕಡೆ ಜಗಲಿ, ಮೇಲೆ ಕಡಿದಾದ ಮಾಡು, ಮೂರು ಕಡೆ ಜಂಬಿಟ್ಟಿಗೆ ಗೋಡೆ ಇರಲಿ. ಎಸಿಪಿ ಹೆಸರಿನ ಫಲಕಕ್ಕಷ್ಟೇ ಸಾಕು.

ಕಂಪನಿಯವರನ್ನು ಒಪ್ಪಿಸುವಾಗ ‘ನಮ್ಮ ಸಂಸ್ಕೃತಿ’ ಎಂದು ಶುರು ಮಾಡಬೇಡಿ. ಎಸಿಯ ಟನ್ ಲೆಕ್ಕ, ನೆರಳಿನ ಲೆಕ್ಕ, ಪ್ರತಿಬಿಂಬದ ಎರಡು ಫೋಟೊ ಮುಂದಿಡಿ. ಅವರ ಪಟ್ಟಿಯ ಅಳತೆ, ಬಣ್ಣ, ಲಾಂಛನ ಯಾವುದೂ ಬದಲಾಗಿಲ್ಲ, ಹಿಂದೆ ಸರಿದದ್ದು ಗಾಜು ಮಾತ್ರ, ಪಟ್ಟಿ ಅದಕ್ಕಿಂತ ಹದಿನೈದು ಅಡಿ ಮುಂದೆ ರಸ್ತೆಯ ಹತ್ತಿರವೇ ಇದೆ ಎಂದು ತೋರಿಸಿ. ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯಿರಿ, ಪಾಯ ತೋಡುವ ಮೊದಲು. ನಿಮ್ಮದು ರಾಷ್ಟ್ರೀಯ ಹೆದ್ದಾರಿಯಾದ್ದರಿಂದ ರಸ್ತೆಗೆ ದಾರಿ ತೆಗೆಯುವ ಪರವಾನಗಿ ಮತ್ತು ಕಟ್ಟಡ ಗೆರೆಯ (ರಸ್ತೆಯ ಕಡೆಗೆ ಕಟ್ಟಡ ದಾಟಬಾರದ ಗೆರೆ) ವಿಷಯವೂ ಅದಕ್ಕೂ ಮುಂಚೆ ಮುಗಿಯಬೇಕು. ಜಗಲಿಯ ಅಂಚೂ ಆ ಗೆರೆಯ ಒಳಗೇ ಬರಬೇಕು.

ಅದೆಲ್ಲಕ್ಕಿಂತ ಮುಂಚೆ ಒಂದು ಕೆಲಸ ಮಾಡಿ. ಮುಂದಿನ ವಾರವೇ ಜಾಗದಲ್ಲಿ ನಾಲ್ಕು ಬಿದಿರು ನೆಟ್ಟು, ಹದಿನೈದು ಅಡಿ ಆಳಕ್ಕೆ ಟಾರ್ಪಾಲು ಕಟ್ಟಿಸಿ, ರಸ್ತೆಯ ಕಡೆಯ ಅಂಚು ಸರಿಯಾಗಿ ಹತ್ತು ಅಡಿಗಿರಲಿ. ಹಿಂದೆ ನಿಮ್ಮದೇ ಕಾರು ನಿಲ್ಲಿಸಿ. ಮಳೆ ಬಂದ ದಿನ ಎರಚಲು ಎಲ್ಲಿಯವರೆಗೆ ನೆಲ ನೆನೆಸಿತು ಎಂದು ಸುಣ್ಣದಲ್ಲಿ ಗೆರೆ ಎಳೆಯಿರಿ, ಬಿಸಿಲು ಬಂದ ದಿನ ಸಂಜೆ ನಾಲ್ಕೂವರೆಗೆ ನೆರಳಿನ ಗೆರೆ. ಆಮೇಲೆ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಕಾರು ಹೇಗೆ ಕಾಣುತ್ತದೆ ನೋಡಿ. ತಂದೆಯವರನ್ನೂ ಕರೆದುಕೊಂಡು ಹೋಗಿ. ಅಂಚು ಒಂದಡಿ ಏರಬೇಕೋ ಇಳಿಯಬೇಕೋ ಎನ್ನುವುದನ್ನು ಅವರೇ ಹೇಳಲಿ. ಆ ಅಳತೆ ಹಾಕಿದ ನಕ್ಷೆ ಕಳಿಸಿದರೆ ಮಾಡಿನ ಇಳಿಜಾರು ಮತ್ತು ಗಟರಿನ ಗಾತ್ರವನ್ನು ನಾನು ನೋಡಿಕೊಡುತ್ತೇನೆ.